ಭಾವನ ಬೆಂಝು, ಎಂಟು ಎಂಎಂ ಪೈಪು

ಹಳೆಯ ಕಾರು ಸಾಕಿದವರಿಗೆ ಊರಲ್ಲಿ ಒಂದು ಮರ್ಯಾದೆ ಇದೆ. ಹಳೆಯ ಲಾರಿ ಸಾಕಿದವರಿಗೆ ಅದಿಲ್ಲ. ಮಾರಿಸ್ ಮೈನರ್ ಒಂದನ್ನು ತಿಕ್ಕಿ ತೊಳೆದು ನಿಲ್ಲಿಸಿಕೊಂಡವರನ್ನು ಜನ ರಸಿಕರು ಅನ್ನುತ್ತಾರೆ. ಲಾರಿ ಒರೆಸುತ್ತಿರುವವರನ್ನು ಕಂಡರೆ 'ಪಾಪ, ಗಿರಾಕಿ ಸಿಗಲಿಲ್ಲವೇನೋ' ಅಂದುಕೊಳ್ಳುತ್ತಾರೆ. ಸರ್ಕಾರದ ಅಭಿಪ್ರಾಯವೂ ಹೆಚ್ಚುಕಡಿಮೆ ಇದೇ. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ವಾಹನಗಳಿಗೆಂದು ಬೇರೆ ನೋಂದಣಿ ನಿಯಮ ಮಾಡಿ, ನಂಬರ್ ಪ್ಲೇಟಿನಲ್ಲಿ 'ವಿಎ' ಎಂದು ಬರೆಸಿಕೊಳ್ಳುವ ಗೌರವ ಕೊಟ್ಟಿತು. ಆ ಗೌರವ ಸ್ವಂತ ಬಳಕೆಯ ಸ್ಕೂಟರಿಗೂ ಕಾರಿಗೂ ಸಿಕ್ಕಿತೇ ಹೊರತು ಲೋಡು ಹೊತ್ತ ಲಾರಿಗೆ ಸಿಗಲಿಲ್ಲ. ಕೂತು ಓಡಾಡಿದವರಿಗೆ ಪಿಂಚಣಿ, ಬೆನ್ನು ಬಾಗಿಸಿ ದುಡಿದವನಿಗೆ ಗುಜರಿ.

ಈ ಅನ್ಯಾಯ ಮನಸ್ಸಿಗೆ ನಾಟಿದವರಲ್ಲಿ ನಮ್ಮ ಭಾವನೂ ಒಬ್ಬರು. ಅಕ್ಕನ ಗಂಡ, ಸಾಗರದ ಕಡೆ ಅಡಿಕೆ ತೋಟ. ಮನೆಯ ಕೊಟ್ಟಿಗೆಗೆ ಒತ್ತಿ ತಗಡಿನ ಮಾಡೊಂದನ್ನು ಇಳಿಸಿ, ಅದರ ಕೆಳಗೆ ಅವರ ಅಪ್ಪನ ಕಾಲದ ಮೂತಿ ಲಾರಿಯನ್ನು ನಿಲ್ಲಿಸಿಕೊಂಡಿದ್ದಾರೆ. ಮೂತಿಯ ಮೇಲೆ ಮೂರು ಕಾಲಿನ ನಕ್ಷತ್ರ ಉಳಿದಿರುವುದರಿಂದ ಮದುವೆಮನೆಗಳಲ್ಲಿ "ನಮ್ಮನೇಲೂ ಒಂದು ಬೆಂಝ್ ಇದೆ" ಎಂದು ಶುರುಮಾಡಿ, ಎದುರಿನವರ ಮುಖ ಅರಳುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ "ಆರು ಚಕ್ರದ್ದು" ಎಂದು ಸೇರಿಸುತ್ತಾರೆ.

ನಕ್ಷತ್ರವೇನೂ ಸುಳ್ಳಲ್ಲ. 1954ರಲ್ಲಿ ಟಾಟಾದವರ ಟೆಲ್ಕೋ ಕಂಪನಿ ಜರ್ಮನಿಯ ಡೈಮ್ಲರ್-ಬೆಂಝ್ ಜೊತೆ ಹದಿನೈದು ವರ್ಷದ ಒಪ್ಪಂದ ಮಾಡಿಕೊಂಡು ಜಮ್ಶೆಡ್‌ಪುರದಲ್ಲಿ ಲಾರಿ ಕಟ್ಟತೊಡಗಿತು. 1969ರಲ್ಲಿ ಒಪ್ಪಂದ ಮುಗಿದು ನಕ್ಷತ್ರ ಇಳಿಯಿತು, ಆ ಜಾಗಕ್ಕೆ ಟಾಟಾದ 'ಟಿ' ಅಕ್ಷರ ಏರಿತು. ತಮ್ಮ ಲಾರಿ ಲಿಂಗನಮಕ್ಕಿ ಅಣೆಕಟ್ಟಿಗೆ ಸಿಮೆಂಟು ಹೊತ್ತದ್ದು ಎಂಬುದು ಭಾವನ ಇನ್ನೊಂದು ಹೇಳಿಕೆ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಲಾರಿಯ ಆರ್‌ಸಿ ಪುಸ್ತಕದಲ್ಲಿರುವ ಇಸವಿ 1966. ನಡುವಿನ ಎರಡು ವರ್ಷದ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಲಾರಿ ನೋಡಲು ಬಂದವರು ಹಾರ್ನಿನ ರಬ್ಬರ್ ಉಂಡೆ ಒತ್ತಿ ನೋಡುತ್ತಾರೆ. ಬಾಡಿಯ ಹಲಗೆ ತಟ್ಟಿ "ಸಾಗುವಾನಿನಾ?" ಅನ್ನುತ್ತಾರೆ. "ಲೀಟರಿಗೆ ಎಷ್ಟು ಕೊಡುತ್ತೆ?" ಎಂದು ಕೇಳದೆ ಹೋದವರನ್ನು ನಾನು ಕಂಡಿಲ್ಲ. ಬಗ್ಗಿ ಚಾಸಿಯ ಒಳಮಗ್ಗುಲು ನೋಡಿದವರನ್ನೂ ಕಂಡಿಲ್ಲ. ಅಲ್ಲಿ ಕಿರುಬೆರಳಿಗಿಂತ ಸಪೂರವಾದ ಪೈಪೊಂದು ಟ್ಯಾಂಕಿನಿಂದ ಎಂಜಿನ್‌ವರೆಗೆ ಹೋಗುತ್ತದೆ. ಬಣ್ಣಕ್ಕೆ, ಹಲಗೆಗೆ, ಸೀಟಿನ ರೆಕ್ಸಿನ್ನಿಗೆ ಭಾವ ಎರಡು ಅಡಿಕೆ ಕೊಯ್ಲಿನ ದುಡ್ಡು ಸುರಿದ ಮೇಲೆ, ಲಾರಿ ಸ್ಟಾರ್ಟ್ ಆಗಿ, ಗಂಭೀರವಾಗಿ ಗೇಟಿನವರೆಗೆ ಹೋಗಿ, ಅಲ್ಲಿ ನಿಂತಿತು. ಮರುದಿನವೂ ಗೇಟಿನವರೆಗೆ ಹೋಗಿ ನಿಂತಿತು.

"ಏರ್ ತಗೊಳ್ತಾ ಇದೆ ಯಜಮಾನ್ರೇ" ಅಂದರು ರಿಪೇರಿಗೆ ಕರೆಸಿದ ಮೇಸ್ತ್ರಿ.

ಡೀಸೆಲ್ ಗಾಡಿಯ ಈ ಕಾಯಿಲೆ ವಿಚಿತ್ರವಾದದ್ದು. ಪೈಪು ಎಲ್ಲೋ ತೂತಾಗಿದೆ ಎಂದರೆ ಕೆಳಗೆ ಎಣ್ಣೆ ತೊಟ್ಟಿಕ್ಕಬೇಕು, ನೆಲ ಒದ್ದೆಯಾಗಬೇಕು, ವಾಸನೆ ಬರಬೇಕು ಎಂಬುದು ಲೋಕದ ನ್ಯಾಯ. ಇಲ್ಲಿ ಹಾಗಿಲ್ಲ. ಟ್ಯಾಂಕು ಕೆಳಗೆ, ಫೀಡ್ ಪಂಪು ಮೇಲೆ. ಪಂಪು ಡೀಸೆಲನ್ನು ಹೀರಿಕೊಳ್ಳಬೇಕು. ಟ್ಯಾಂಕಿನಿಂದ ಪಂಪಿನವರೆಗಿನ ಹಾದಿಯಲ್ಲಿ ಕೂದಲೆಳೆಯಷ್ಟು ಸಂದು ಇದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ತೂತಿರುವ ಸ್ಟ್ರಾದಲ್ಲಿ ಎಳನೀರು ಹೀರಿದ ಹಾಗೆ. ನೆಲ ಒಣಗಿಯೇ ಇರುತ್ತದೆ, ಪೈಪು ಒಣಗಿಯೇ ಇರುತ್ತದೆ, ಲಾರಿ ಮಾತ್ರ ನಿಂತಿರುತ್ತದೆ. ಹ್ಯಾಂಡ್ ಪ್ರೈಮರ್ ಒತ್ತಿ, ಫಿಲ್ಟರಿನ ತಲೆಯ ಸ್ಕ್ರೂ ಸಡಿಲಿಸಿ, ನೊರೆ ಹೋಗಿ ಶುದ್ಧ ಡೀಸೆಲ್ ಬರುವವರೆಗೆ ಏರ್ ತೆಗೆದರೆ ಮತ್ತೆ ಗೇಟಿನವರೆಗೆ.

ಸಂದು ಎಲ್ಲಿದೆ ಎಂದು ಹುಡುಕಲು ಮೇಸ್ತ್ರಿ ಮಾಡಿದ ಉಪಾಯ ನನಗೆ ಬಹಳ ಹಿಡಿಸಿತು. ಪೈಪಿನ ದಾರಿಯಲ್ಲಿ ಒಂದೊಂದು ಕಡೆ ಒಂದು ಗೇಣು ಪಾರದರ್ಶಕ ಪ್ಲಾಸ್ಟಿಕ್ ಪೈಪು ಸೇರಿಸಿ ಎಂಜಿನ್ ಓಡಿಸುವುದು. ಗುಳ್ಳೆ ಕಂಡರೆ ತೂತು ಅದಕ್ಕಿಂತ ಹಿಂದೆ, ಕಾಣದಿದ್ದರೆ ಮುಂದೆ. ಗುಳ್ಳೆ ಎಲ್ಲ ಕಡೆಯೂ ಕಂಡಿತು. ಬಿಚ್ಚಿ ನೋಡಿದರೆ ಆ ಪೈಪಿನಲ್ಲಿ ನಮ್ಮ ರಿಪೇರಿ ಪರಂಪರೆಯ ಇತಿಹಾಸವೇ ಇತ್ತು. ಒಂದು ಕಡೆ ಸೈಕಲ್ ಟ್ಯೂಬು ಸುತ್ತಿ ತಂತಿ ಬಿಗಿದಿತ್ತು. ಇನ್ನೊಂದು ಕಡೆ ಎಂಸೀಲ್. ಟ್ಯಾಂಕಿನ ಬೆಸುಗೆಯ ಹತ್ತಿರ ಯಾವುದೋ ಪುಣ್ಯಾತ್ಮ ಬಾರ್ ಸೋಪು ಮೆತ್ತಿದ್ದ. ಸೋಪೆಂದು ನಗಬೇಡಿ. ನಡುದಾರಿಯಲ್ಲಿ ಟ್ಯಾಂಕು ಸೋರಿದಾಗ ಸೋಪು ಮೆತ್ತಿ ಲೋಡು ಮುಟ್ಟಿಸಿದ ಡ್ರೈವರುಗಳು ಈ ದೇಶದಲ್ಲಿ ಅಸಂಖ್ಯ. ಡೀಸೆಲ್‌ಗೆ ಅದು ಕರಗುವುದಿಲ್ಲ. ಆ ಹೊತ್ತಿಗೆ ಊರು ಮುಟ್ಟಿದರೆ ಸಾಕು ಎಂಬ ವಿದ್ಯೆ ಅದು. ಊರು ಮುಟ್ಟಿದ ಮೇಲೂ ಮೂವತ್ತು ವರ್ಷ ಹಾಗೇ ಬಿಡಬಾರದು, ಅಷ್ಟೇ.

ಹೊಸ ಪೈಪು ಹಾಕೋಣ ಎಂದು ತೀರ್ಮಾನವಾಯಿತು. ಯಾವ ಪೈಪು ಎಂಬಲ್ಲಿ ಜಗಳ ಹತ್ತಿತು.

ಮೇಸ್ತ್ರಿಯ ಮತ ನೈಲಾನ್. "ಈಗಿನ ಲಾರಿಗೆಲ್ಲ ಅದೇ ಬರೋದು, ತುಕ್ಕಿಲ್ಲ, ಬೆಸುಗೆಯಿಲ್ಲ, ಕತ್ತರಿಸು, ಚುಚ್ಚು, ಆಯ್ತು." ಭಾವನ ಮತ ತಾಮ್ರ. "ಒರಿಜಿನಲ್ ಏನಿತ್ತೋ ಅದೇ ಹಾಕಬೇಕು. ಅಪ್ಪನ ಕಾಲದಿಂದ ತಾಮ್ರದ್ದೇ ಇತ್ತು. ಬೆಂಝಿಗೆ ಪ್ಲಾಸ್ಟಿಕ್ ಹಾಕ್ತಾರೇನೋ ಮಾರಾಯ?" ಕೊನೆಯ ಪ್ರಶ್ನೆ ನನಗೆ. ಬೆಂಗಳೂರಿನಲ್ಲಿರುವವನು, ಜೆ.ಸಿ. ರಸ್ತೆಗೆ ಹೋಗಿ ಸಾಮಾನು ತರಬೇಕಾದವನು ನಾನೇ ಆದ್ದರಿಂದ ನನಗೆ ನ್ಯಾಯಾಧೀಶನ ಪದವಿ ತಾನಾಗಿ ಬಂದಿತ್ತು.

ತಾಮ್ರದ ಪೈಪು ನೋಡಲು ಚೆಂದ, ಕೈಯಲ್ಲೇ ಬಗ್ಗುತ್ತದೆ. ಆದರೆ ಅದಕ್ಕೆ ಎರಡು ದುರ್ಗುಣ. ಲಾರಿಯ ಕಂಪನಕ್ಕೆ ಸಿಕ್ಕಿ ವರ್ಷಗಟ್ಟಲೆ ನಡುಗಿದರೆ ಗಡುಸಾಗಿ ಸೀಳುತ್ತದೆ, ಸಾಮಾನ್ಯವಾಗಿ ನಟ್ಟಿನ ಕತ್ತಿನಲ್ಲೇ. ಎರಡನೆಯದು ರಸಾಯನದ ವಿಷಯ: ತಾಮ್ರದ ಸಹವಾಸದಲ್ಲಿ ಡೀಸೆಲ್ ಬೇಗ ಕೆಡುತ್ತದೆ, ಅಂಟು ಕಟ್ಟುತ್ತದೆ. ದಿನಾ ಓಡುವ ಗಾಡಿಯಲ್ಲಿ ಡೀಸೆಲ್ ಹರಿದು ಹೋಗುತ್ತಿರುವುದರಿಂದ ಅಷ್ಟು ಗೊತ್ತಾಗುವುದಿಲ್ಲ. ಮಳೆಗಾಲವಿಡೀ ಮಾಡಿನ ಕೆಳಗೆ ನಿಂತು ದಸರೆಗೊಮ್ಮೆ ಹೊರಬರುವ ಬೆಂಝಿಗೆ ಇದು ಚೆನ್ನಾಗಿಯೇ ಗೊತ್ತಾಗುತ್ತದೆ.

ಇಷ್ಟು ಹೇಳಿದರೂ ಭಾವ ಕರಗಲಿಲ್ಲ. ಒರಿಜಿನಲ್ ಎಂಬ ಪದದ ಮುಂದೆ ರಸಾಯನಶಾಸ್ತ್ರದ ಆಟ ನಡೆಯುವುದಿಲ್ಲ. ಆಗ ಮೇಸ್ತ್ರಿಯ ಹುಡುಗ ಟ್ಯಾಂಕಿನ ಬಾಯಿಯ ಹತ್ತಿರ ಬಣ್ಣ, ಜಿಡ್ಡು, ಮತ್ತೊಂದು ಪದರ ಬಣ್ಣ ಕೆರೆಯುತ್ತ ಹೋದವನು ಒಂದು ಗೇಣುದ್ದದ ಹಳೆಯ ತುಂಡು ತೋರಿಸಿದ. ತುದಿಯಲ್ಲಿ ಬ್ಯಾಂಜೋ, ಅಂದರೆ ಬೋಲ್ಟು ತೂರುವ ಉಂಗುರ, ಬೆಸೆದಿದ್ದ, ಕಾರ್ಖಾನೆಯ ಕೈ ಕಾಣುವ ಅಚ್ಚುಕಟ್ಟಾದ ತುಂಡು. ಮ್ಯಾಗ್ನೆಟ್ ಹಿಡಿದರೆ ಟಕ್ಕೆಂದು ಅಂಟಿತು. ಉಕ್ಕು! ಕಂಪನಿ ಕೊಟ್ಟದ್ದು ಉಕ್ಕಿನ ಪೈಪು. ತಾಮ್ರ ಆಮೇಲೆ ಭಾವನ ಅಪ್ಪ ಯಾವುದೋ ಕಾಲದಲ್ಲಿ ಹಾಕಿಸಿದ್ದು. ಭಾವ ಸ್ವಲ್ಪ ಹೊತ್ತು ಆ ತುಂಡನ್ನೇ ನೋಡಿದರು. "ಅಪ್ಪಯ್ಯ ಹಾಕಿಸಿದ್ದು ಅಂದ್ರೆ ಅದೂ ಒಂಥರಾ ಒರಿಜಿನಲ್ಲೇ" ಅಂದರು. ಹಳೆಯ ಗಾಡಿಯವರ ಒರಿಜಿನಲ್ ಬಹಳ ಸಲ ಇಷ್ಟೇ: ತಾವು ಹುಡುಗರಾಗಿದ್ದಾಗ ಕಂಡದ್ದು. ನನಗೇನೂ ತಕರಾರಿಲ್ಲ. ಆ ವಾದ ಹಾರ್ನಿಗೆ ನಡೆಯುತ್ತದೆ, ಎಣ್ಣೆ ಹರಿಯುವ ಪೈಪಿಗೆ ನಡೆಯುವುದಿಲ್ಲ.

ಜೆ.ಸಿ. ರಸ್ತೆಯಲ್ಲಿ ಒಂದು ಅಂಗಡಿಯಾತ ರಾಜಿಸೂತ್ರವೊಂದನ್ನು ಮುಂದಿಟ್ಟ: ಕ್ಯೂಪ್ರೋನಿಕಲ್. ತಾಮ್ರದ ಬಣ್ಣವೇ, ಆದರೆ ಶೇಕಡ ಹತ್ತರಷ್ಟು ನಿಕಲ್ ಬೆರೆತದ್ದು, ತುಕ್ಕು ಹಿಡಿಯುವುದಿಲ್ಲ, ಬೇಗ ಸೀಳುವುದಿಲ್ಲ. ಬ್ರೇಕ್ ಪೈಪಿಗೆ ಬಹಳ ಒಳ್ಳೆಯದು; ವೋಲ್ವೋದವರು 1970ರ ದಶಕದಲ್ಲೇ ಅದನ್ನು ಬ್ರೇಕಿಗೆ ಒಗ್ಗಿಸಿಕೊಂಡರು. ಫೋಟೋ ನೋಡಿದ ಭಾವನ ಧ್ವನಿಯೇ ಬದಲಾಯಿತು. ನಿಕಲ್ ಹತ್ತು ಎಂದರೆ ಉಳಿದ ತೊಂಬತ್ತು ತಾಮ್ರವೇ ತಾನೆ, ಡೀಸೆಲ್‌ಗೆ ಯಾಕೆ ಬೇಕು ಆ ಉಸಾಬರಿ ಎಂದು ನಾನು ಮನಸ್ಸು ಗಟ್ಟಿಮಾಡಿ ಅದನ್ನು ಅಲ್ಲೇ ಬಿಟ್ಟು, ಒಳಗೂ ಹೊರಗೂ ಲೇಪ ಕೊಟ್ಟ ಎರಡು ಪದರದ ಉಕ್ಕಿನ ಪೈಪಿನ ಸುರುಳಿ ಕೊಂಡೆ. ಎಂಟು ಎಂಎಂ ಟ್ಯಾಂಕಿನಿಂದ ಪಂಪಿಗೆ, ಆರು ಎಂಎಂ ವಾಪಸು ಹರಿಯುವ ದಾರಿಗೆ.

ಅಳತೆಯ ವಿಚಾರದಲ್ಲಿ ಈ ವ್ಯಾಪಾರಕ್ಕೆ ಒಂದು ವಿನೋದಬುದ್ಧಿ ಇದೆ. ಲೋಹದ ಪೈಪನ್ನು ಹೊರಗಿನಿಂದ ಅಳೆಯುತ್ತಾರೆ, ರಬ್ಬರ್ ಹೋಸನ್ನು ಒಳಗಿನಿಂದ. ಎಂಟು ಎಂಎಂ ಪೈಪು ಎಂದರೆ ಹೊರಮೈ ಎಂಟು. ಎಂಟು ಎಂಎಂ ಹೋಸು ಎಂದರೆ ಒಳತೂತು ಎಂಟು. ಹೀಗಾಗಿ ಒಂದು ಇನ್ನೊಂದರ ಮೇಲೆ ಏರುತ್ತದೆ, ಎಲ್ಲ ಸರಿ. ಆದರೆ ಅಂಗಡಿಯ ಹುಡುಗ ನಿಮ್ಮ ಹೋಸನ್ನು ಹೊರಗಿನಿಂದ ಅಳೆದು ಕೊಟ್ಟನೋ, ಮನೆಗೆ ಬಂದ ಮೇಲೆ ಅದು ನೆಲ್ಲಿಕಾಯಿ ಗಿಡಕ್ಕೆ ನೀರು ಬಿಡಲೂ ಸಾಲದಷ್ಟು ಸಣ್ಣ.

ಥ್ರೆಡ್ಡಿನ ಕಥೆ ಇನ್ನೂ ಕಠಿಣ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬ್ರಿಟಿಷರ ಬಿಎಸ್‌ಪಿ, ಅಮೆರಿಕದವರ ಎನ್‌ಪಿಟಿ, ಜರ್ಮನ್ ಮೆಟ್ರಿಕ್ ಮೂರೂ ಒಂದೇ ಡಬ್ಬಿಯಲ್ಲಿ ಸಂಸಾರ ಮಾಡುತ್ತವೆ. ಕಾಲಿಂಚಿನ ಬಿಎಸ್‌ಪಿಯಲ್ಲಿ ಇಂಚಿಗೆ 19 ಸುತ್ತು, ಎನ್‌ಪಿಟಿಯಲ್ಲಿ 18. ಒಂದೇ ಒಂದು ಸುತ್ತಿನ ವ್ಯತ್ಯಾಸ. ಹಾಗಾಗಿ ಒಂದನ್ನು ಇನ್ನೊಂದಕ್ಕೆ ಕೈಯಲ್ಲೇ ಶುರು ಮಾಡಬಹುದು, ಸರಾಗವಾಗಿ ಎರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ಅಲ್ಲಿ ಸ್ಪ್ಯಾನರ್ ಹಾಕಿ ತಿರುಗಿಸುವ ಶೂರ ಎಲ್ಲ ಗ್ಯಾರೇಜಿನಲ್ಲೂ ಒಬ್ಬ ಇರುತ್ತಾನೆ. ನಮ್ಮ ಬೆಂಝಿನ ಬ್ಯಾಂಜೋ ಬೋಲ್ಟುಗಳು ಜರ್ಮನ್ ಸಂಪ್ರದಾಯದವು, 14 ಎಂಎಂ ದಪ್ಪ, ಒಂದೂವರೆ ಎಂಎಂ ಸುತ್ತು. ಹಳೆಯದನ್ನು ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಬೇಕು. ಮಾತಿನಲ್ಲಿ ವರ್ಣಿಸಿ ತಂದ ಬೋಲ್ಟು ಕೂತದ್ದಿಲ್ಲ.

ಪೈಪಿನ ಬಾಯಿ ಅರಳಿಸುವುದಕ್ಕೆ ಫ್ಲೇರಿಂಗ್ ಅನ್ನುತ್ತಾರೆ. ಸಾಗರದಲ್ಲಿ ಆ ಸಾಮಾನು ಇದ್ದದ್ದು ಇಬ್ಬರ ಹತ್ತಿರ: ಫ್ರಿಜ್ ರಿಪೇರಿಯವನು, ಜೆಸಿಬಿಗೆ ಹೋಸು ಕಟ್ಟಿಕೊಡುವವನು. ಫ್ರಿಜ್ಜಿನವನದು 45 ಡಿಗ್ರಿ, ಜೆಸಿಬಿಯವನದು 37. ಎರಡೂ ಬರಿಗಣ್ಣಿಗೆ ಒಂದೇ. ನಟ್ಟೂ ಎಷ್ಟೋ ಸಲ ಕೂರುತ್ತದೆ. ಆದರೆ ಒಂದರ ಬಾಯಿ ಇನ್ನೊಂದರ ಪೀಠದ ಮೇಲೆ ಸಣ್ಣದೊಂದು ಗೆರೆಯಲ್ಲಷ್ಟೇ ತಾಗಿ, ಹೊರಗೆ ಸೋರದೆ ಒಳಗೆ ಗಾಳಿ ಎಳೆಯುತ್ತದೆ, ಮತ್ತೆ ಗೇಟಿನವರೆಗೆ. ಉಕ್ಕಿನ ಬಾಯನ್ನು ಒಂದೇ ಮಡಿಕೆಯಲ್ಲಿ ಅರಳಿಸಿದರೆ ಸೀಳುವುದುಂಟು, ಎರಡು ಮಡಿಕೆ ಬೇಕು. ಫ್ರಿಜ್ಜಿನವನು ತಾಳ್ಮೆಯವನು, ಎರಡು ಮಡಿಕೆ ಹಾಕಿ ಅಂದವಾಗಿ ಅರಳಿಸಿದ. ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು ಮೆಚ್ಚಿ, ಹುಡುಗನ ಕಡೆ ತಿರುಗಿ, "ನಟ್ಟು ಹಾಕಿದ್ಯೇನೋ?" ಅಂದರು. ಬಾಯಿ ಅರಳಿಸುವ ಮೊದಲೇ ಪೈಪಿಗೆ ನಟ್ಟು ತೂರಿಸಿರಬೇಕು. ಆಮೇಲೆ ಬ್ರಹ್ಮ ಬಂದರೂ ತೂರುವುದಿಲ್ಲ. ಎಲ್ಲರೂ ನಟ್ಟನ್ನು ನೋಡಿದೆವು. ಅದು ಹುಡುಗನ ಅಂಗೈಯಲ್ಲಿ ಕ್ಷೇಮವಾಗಿತ್ತು.

ಟೆಫ್ಲಾನ್ ಟೇಪಿನ ಬಗ್ಗೆ ಒಂದು ಮಾತು. ನಲ್ಲಿ ರಿಪೇರಿ ಬಲ್ಲವರೆಲ್ಲ ಅದನ್ನು ಎಲ್ಲದಕ್ಕೂ ಸುತ್ತುತ್ತಾರೆ. ಫ್ಲೇರಿನಲ್ಲಿ ಲೋಹಕ್ಕೆ ಲೋಹ ಒತ್ತಿ ಕೂರುವುದರಿಂದಲೇ ಸೋರಿಕೆ ನಿಲ್ಲುತ್ತದೆ, ಥ್ರೆಡ್ಡಿಗೆ ಆ ಕೆಲಸವೇ ಇಲ್ಲ. ಸುತ್ತಿದ ಟೇಪಿನ ಚೂರು ಕಿತ್ತು ಒಳಗೆ ಹೋದರೆ ಪಂಪಿನ ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮೇಸ್ತ್ರಿ ಒಪ್ಪಿದರು, ಆದರೂ ಕಿಸೆಯಲ್ಲಿ ಒಂದು ರೋಲು ಇಟ್ಟುಕೊಂಡೇ ಇದ್ದರು.

ಬ್ಯಾಂಜೋ ಕೂರುವುದು ಎರಡೂ ಮಗ್ಗುಲಿಗೆ ಒಂದೊಂದು ತಾಮ್ರದ ವಾಷರಿನ ನಡುವೆ. ಇಲ್ಲಿ ಮಾತ್ರ ತಾಮ್ರವೇ ಸರಿ, ಅದರ ಮೆದುತನವೇ ಬೇಕಾದದ್ದು. ಒಮ್ಮೆ ಒತ್ತಿ ಕೂತ ವಾಷರ್ ಗಡುಸಾಗುತ್ತದೆ, ಮತ್ತೆ ಹಾಕಿದರೆ ಹಿಡಿಯುವುದಿಲ್ಲ. ಕೆಂಪಗೆ ಕಾಯಿಸಿದರೆ ತಿರುಗಿ ಮೆದುವಾಗುತ್ತದೆ. ಅಕ್ಕಸಾಲಿಗರಿಗೆ ಇದು ದಿನನಿತ್ಯದ ಕೆಲಸ. ಭಾವ ವಾಷರುಗಳನ್ನು ಅಕ್ಕನ ಗ್ಯಾಸ್ ಒಲೆಗೆ ಒಯ್ದರು. ದೋಸೆಕಾವಲಿಯ ಮೇಲೆ ವಾಷರು ಜೋಡಿಸಿಟ್ಟದ್ದನ್ನು ಅಕ್ಕ ಕಂಡಾಗ ನಡೆದದ್ದನ್ನು ಬರೆಯುವುದು ಕುಟುಂಬದ ಹಿತಕ್ಕೆ ಒಳ್ಳೆಯದಲ್ಲ. "ಹೊಸ ವಾಷರಿಗೆ ಎಷ್ಟು?" ಎಂದು ಅಕ್ಕ ಕೇಳಿದ ಪ್ರಶ್ನೆ ಮಾತ್ರ ಸರಿಯಾದದ್ದು. ಉತ್ತರ, ಒಂದು ಕಾಫಿಯ ದುಡ್ಡಿನೊಳಗೆ. ಹೊಸದೇ ಬಂತು.

ರಬ್ಬರ್ ಹೋಸು ಚಾಸಿಗೂ ಎಂಜಿನ್ನಿಗೂ ನಡುವೆ ಮಾತ್ರ ಬೇಕು. ಎಂಜಿನ್ ತನ್ನ ಮೌಂಟಿಂಗಿನ ಮೇಲೆ ಅಲ್ಲಾಡುತ್ತಿರುತ್ತದೆ, ಗಟ್ಟಿ ಪೈಪು ಎರಡಕ್ಕೂ ಕಟ್ಟಿದರೆ ಮುರಿಯುತ್ತದೆ. ಹಾಗೆಂದು ಟ್ಯಾಂಕಿನಿಂದ ಪಂಪಿನವರೆಗೂ ಉದ್ದಕ್ಕೆ ರಬ್ಬರನ್ನೇ ಎಳೆಯುವುದು ಸೋಮಾರಿ ಕೆಲಸ. ಹೋಸಿನ ಮೈಮೇಲೆ ಸಣ್ಣ ಅಕ್ಷರದಲ್ಲಿ ಜಾತಕ ಅಚ್ಚಾಗಿರುತ್ತದೆ: ಎಸ್‌ಎಇ 30ಆರ್7 ಅಂದರೆ ಕಾರ್ಬುರೇಟರ್ ಕಾಲದ ಕಡಿಮೆ ಒತ್ತಡಕ್ಕೆ, 30ಆರ್9 ಅಂದರೆ ಒಳಪದರ ಹೆಚ್ಚು ಗಟ್ಟಿಯಾದದ್ದು, ಇಂಜೆಕ್ಷನ್ ಗಾಡಿಗಳಿಗೆ. ಒಳ್ಳೆಯ ಹೋಸಾದರೆ ತಯಾರಾದ ತಾರೀಖೂ ಇರುತ್ತದೆ. ಅದನ್ನು ಓದಬೇಕು. ರಬ್ಬರಿಗೆ ವಯಸ್ಸು ಶುರುವಾಗುವುದು ಕಾರ್ಖಾನೆಯಿಂದ ಹೊರಬಂದ ದಿನ, ನಾವು ಕೊಂಡ ದಿನ ಅಲ್ಲ. ಅಂಗಡಿಯ ಅಟ್ಟದ ಮೇಲೆ ಹತ್ತು ವರ್ಷ ಕೂತದ್ದನ್ನು 'ಹಳೇ ಸ್ಟಾಕು, ಕ್ವಾಲಿಟಿ ಮಾಲು' ಎಂದು ಹೆಚ್ಚು ಬೆಲೆಗೆ ಕೊಡುವವರಿದ್ದಾರೆ. ಕ್ಲಿಪ್ಪು ಕೂಡ ಅಷ್ಟೇ: ಪಟ್ಟಿಯುದ್ದಕ್ಕೂ ಸೀಳುತೂತಿರುವ ಅಗ್ಗದ ಸ್ಕ್ರೂ ಕ್ಲಿಪ್ಪು ರಬ್ಬರನ್ನು ಕಚ್ಚಿ ಹರಿಯುತ್ತದೆ, ಒಳಮೈ ನುಣುಪಾಗಿರುವುದೇ ಆಗಬೇಕು.

ಹೊಸ ಹೋಸು ಯಾಕೆ, ಹಳೆಯದು ಸೋರುತ್ತಿರಲಿಲ್ಲವಲ್ಲ ಎಂಬ ಭಾವನ ಪ್ರಶ್ನೆಗೆ ಉತ್ತರ ಪೆಟ್ರೋಲ್ ಬಂಕಿನಲ್ಲಿದೆ. ಈ ಲಾರಿ ಪ್ರಾಯದಲ್ಲಿ ಕುಡಿದ ಡೀಸೆಲ್‌ನಲ್ಲಿ ಶೇಕಡ ಒಂದರವರೆಗೆ ಗಂಧಕ ಇರುತ್ತಿತ್ತು. 2020ರ ಏಪ್ರಿಲ್ ಒಂದರಿಂದ ಭಾರತ್ ಸ್ಟೇಜ್ 6 ಬಂದು ಅದು ಹತ್ತು ಲಕ್ಷದಲ್ಲಿ ಹತ್ತು ಪಾಲಿಗೆ ಇಳಿಯಿತು. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್‌ನ ಬೇರೆ ಕೆಲವು ಅಂಶಗಳೂ ತಗ್ಗುತ್ತವೆ. ಹಳೆಯ ಡೀಸೆಲ್ ಕುಡಿದು ಉಬ್ಬಿ ಕೂತಿದ್ದ ರಬ್ಬರ್ ಸೀಲುಗಳು ಹೊಸತಕ್ಕೆ ಕುಗ್ಗಿ ಬಾಯಿಬಿಡುತ್ತವೆ. ಅಮೆರಿಕದಲ್ಲಿ 1993ರಲ್ಲಿ ಗಂಧಕ ಇಳಿಸಿದಾಗ ಹಳೆಯ ಪಂಪುಗಳು ಸೋರಿದ್ದೂ ಹೀಗೆಯೇ. ಪೆಟ್ರೋಲ್ ಗಾಡಿಯವರ ಪಾಡು ಬೇರೆ: ಎಥನಾಲ್ ಶೇಕಡ ಇಪ್ಪತ್ತಕ್ಕೆ ಬಂದ ಮೇಲೆ ಹಳೆಯ ಫಾರ್ಗೋ, ವಿಲ್ಲೀಸ್ ಜೀಪು ಇಟ್ಟುಕೊಂಡವರು ಹೋಸು ಮುಟ್ಟಿದರೆ ಬೆರಳಿಗೆ ಕರಿ ಹತ್ತುತ್ತದೆ ಎಂದು ಗೊಣಗುತ್ತಾರೆ. ಅವರಿಗಂತೂ ಆರ್9ಕ್ಕಿಂತ ಕೆಳಗಿನದು ಬೇಡ.

ಇಂಜೆಕ್ಷನ್ ಪಂಪಿನಿಂದ ಸಿಲಿಂಡರುಗಳಿಗೆ ಹೋಗುವ ಆರು ದಪ್ಪ ಪೈಪುಗಳನ್ನು ನಾವು ಮುಟ್ಟಲಿಲ್ಲ. ಅದು ಬೇರೆಯೇ ಲೋಕ, ಅಲ್ಲಿ ನೂರು ಬಾರ್‌ಗೂ ಮೀರಿದ ಒತ್ತಡ. ಆರನೆಯ ಸಿಲಿಂಡರು ದೂರ, ಒಂದನೆಯದು ಹತ್ತಿರ. ಆದರೂ ಪೈಪುಗಳ ಉದ್ದ ಎಲ್ಲಕ್ಕೂ ಒಂದೇ. ಹತ್ತಿರದವಕ್ಕೆ ಸುತ್ತಿ ಬಳಸಿ ಬಗ್ಗಿಸಿರುತ್ತಾರೆ, ಡೀಸೆಲ್ ಎಲ್ಲರಿಗೂ ಹೊತ್ತಿಗೆ ಸರಿಯಾಗಿ ತಲುಪಲಿ ಎಂದು. ಆ ಪೈಪು ಸೋರಿದರೆ ಬೆರಳಿಟ್ಟು ನೋಡಬಾರದು, ಚರ್ಮದೊಳಕ್ಕೇ ನುಗ್ಗುತ್ತದೆ. ರಟ್ಟು ಹಿಡಿದು ನೋಡಬೇಕು. ರುಡಾಲ್ಫ್ ಡೀಸೆಲ್ 1897ರಲ್ಲಿ ಎಂಜಿನ್ ಓಡಿಸಿ ತೋರಿಸಿದಾಗ ಎಣ್ಣೆಯನ್ನು ಒಳಗೆ ಊದಲು ದೊಡ್ಡ ಗಾಳಿ ಕಂಪ್ರೆಸರ್ ಬೇಕಿತ್ತು, ಅದನ್ನು ಹೊತ್ತು ರಸ್ತೆಗಿಳಿಯುವಂತಿರಲಿಲ್ಲ. 1927ರಲ್ಲಿ ಬಾಷ್ ಕಂಪನಿ ಕೈಯಲ್ಲೆತ್ತಬಹುದಾದ ಇಂಜೆಕ್ಷನ್ ಪಂಪನ್ನು ಸಾಲಾಗಿ ತಯಾರಿಸತೊಡಗಿದ ಮೇಲೆ ಡೀಸೆಲ್ ಲಾರಿಯ ಕಾಲ ಬಂತು. ಭಾವನ ಬೆಂಝಿನ ಪಂಪಿನ ಫಲಕ ಒರೆಸಿದರೆ ಕಾಣುವುದು ನಮ್ಮ ಆಡುಗೋಡಿಯ ಮೈಕೋ ಹೆಸರು. ಮೈಕೋ 2008ರಲ್ಲಿ ಬಾಷ್ ಆಯಿತು, ಬೆಂಗಳೂರಿನ ಜನರ ಬಾಯಲ್ಲಿ ಇನ್ನೂ ಮೈಕೋ. ಜರ್ಮನ್ ನಕ್ಷತ್ರ ನೋಡಿ ಹಿಗ್ಗುವ ಭಾವ ಇದನ್ನು ಕೇಳಿ, "ಹಾಗಾದ್ರೆ ಗುಂಡಿಗೆ ಬೆಂಗಳೂರಿಂದು ಅನ್ನು" ಎಂದು ಇನ್ನಷ್ಟು ಹಿಗ್ಗಿದರು. ಮುಂದಿನ ಮದುವೆಯಲ್ಲಿ ಇದು ಬರುತ್ತದೆ.

ಪೈಪು ಸೈಲೆನ್ಸರಿನಿಂದ ದೂರ ಹಾಯಿಸಿ, ಗೇಣಿಗೋ ಒಂದೂವರೆ ಗೇಣಿಗೋ ಒಂದು ಕ್ಲಿಪ್ಪು ಕೊಟ್ಟು, ಚಾಸಿಯ ತೂತುಗಳಲ್ಲಿ ರಬ್ಬರ್ ಬುಷ್ ತೂರಿಸಿ ಮುಗಿಸಿದೆವು. ಮೇಸ್ತ್ರಿಗೆ ನೈಲಾನ್ ಬಿಟ್ಟುಹೋದ ಬೇಸರ ಹೋಗಿಲ್ಲ. ಅವರ ಮಾತಿನಲ್ಲಿ ಹುರುಳಿದೆ, ದಿನಾ ಲೋಡು ಎಳೆಯುವ ಗಾಡಿಯಾಗಿದ್ದರೆ ನಾನೂ ನೈಲಾನನ್ನೇ ಹಾಕಿಸುತ್ತಿದ್ದೆ. ಎಲ್ಲಕ್ಕೂ ತಗುಲಿದ ಖರ್ಚು ಸೀಟಿನ ರೆಕ್ಸಿನ್ನಿಗೆ ಆದದ್ದಕ್ಕಿಂತ ಕಡಿಮೆ. ಲಾರಿ ಈಗ ಗೇಟು ದಾಟಿ, ತಾಳಗುಪ್ಪದವರೆಗೆ ಹೋಗಿ ಬರುತ್ತದೆ.

ನಿಮ್ಮ ಮನೆಯ ಮಾಡಿನ ಕೆಳಗೂ ಇಂಥದೊಂದು ನಿಂತಿದ್ದರೆ, ಬಣ್ಣದವನನ್ನು ಕರೆಸುವ ಮೊದಲು ಟಾರ್ಚು ಹಿಡಿದು ಒಮ್ಮೆ ಚಾಸಿಯ ಕೆಳಗೆ ನುಸುಳಿ. ಹೋಸಿನ ಮೇಲಿನ ತಾರೀಖು ಓದಿ. ಓದಲು ಬಾರದಷ್ಟು ಅಳಿಸಿಹೋಗಿದ್ದರೆ ಅದನ್ನೇ ಉತ್ತರವೆಂದು ತಿಳಿದು ಬದಲಾಯಿಸಿ. ವಾಷರು ಹೊಸದನ್ನೇ ತನ್ನಿ, ಮತ್ತು ದೋಸೆಕಾವಲಿಯನ್ನು ಅದರ ಪಾಡಿಗೆ ಬಿಡಿ.